ಹಿಂದಿನ ಸೀಟಿನ ಮೇಷ್ಟ್ರು

ಹಳೆಯ ಗಾಡಿ ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ, ಆಮೇಲೆ ಸ್ಟೇರಿಂಗ್ ಹಿಡಿದು ಕೂತು ಒಂದು ಸಲವಾದರೂ ಹಾರ್ನ್ ಒತ್ತುತ್ತಾರೆ. ಕಲ್ಲು ಮೇಷ್ಟ್ರು ಹಾಗಲ್ಲ. ಅವರು ನೇರವಾಗಿ ಹಿಂದಿನ ಬಾಗಿಲು ತೆಗೆದು, ಎಡಗಡೆಯ ಸೀಟನ್ನು ಒರಗಿಸಬಹುದಾದಷ್ಟೂ ಒರಗಿಸಿ, ಎರಡು ಕೈಗಳನ್ನೂ ಹೊಟ್ಟೆಯ ಮೇಲೆ ಜೋಡಿಸಿಕೊಂಡು, ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದರು. “ಹೂಂ, ನಡಿ ಶಿಷ್ಯ” ಎಂದರೆ ನಾನು ಗಾಡಿಯನ್ನು ಊರಾಚೆಯ ಇಟ್ಟಿಗೆ ಗೂಡಿನ ಹಿಂದಿರುವ ಕೊರಕಲು ಹಾದಿಗೆ ಇಳಿಸಬೇಕು. ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಅವರ ಹುಬ್ಬು ಕೊಂಚ ಗಂಟಾಗುತ್ತಿತ್ತು. ಆ ಗಂಟನ್ನು ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಮೂರನೆಯ ಗಂಟಿಗೆ ಅವರು ಕಣ್ಣು ತೆರೆದು “ಬೇಡ, ತಿರುಗಿಸು” ಎನ್ನುತ್ತಿದ್ದರು.

ಗುಂಗುರು ಕೂದಲಿನ ದಲ್ಲಾಳಿಯೊಬ್ಬ ಇದನ್ನು ಮೊದಲ ಸಲ ಕಂಡಾಗ ನನ್ನ ಕಿವಿಯಲ್ಲಿ ಹೇಳಿದ್ದ: “ಯಜಮಾನ್ರು ಗಾಡಿ ತಗೊಳ್ಳೋಕೆ ಬಂದಿದಾರೋ, ಮಂಚ ತಗೊಳ್ಳೋಕೆ ಬಂದಿದಾರೋ?”

ಹಿಂದಿನಿಂದ, ಮುಚ್ಚಿದ ಕಣ್ಣು ಮುಚ್ಚಿದಂತೆಯೇ, ಉತ್ತರ ಬಂತು: “ಎರಡೂ ಒಂದರಲ್ಲೇ ಸಿಕ್ಕಿದ್ರೆ ಒಳ್ಳೇದಲ್ವೇನಪ್ಪಾ?”

ಅವರು ನನಗೆ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೆಟ್ಟಿಲು ಹತ್ತಿದ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದ ಹುಡುಗನಿಗೆ ಪಾಠದ ಮೊದಲ ದಿನವೇ ಕೈಗೊಂದು ಕಲ್ಲು ಕೊಟ್ಟು, “ಇದರ ವಯಸ್ಸಿನ ಮುಂದೆ ನಾನೂ ನೀನೂ ಒಂದೇ ದಿನ ಹುಟ್ಟಿದವರು, ಕೂತ್ಕೋ” ಎಂದಿದ್ದರು. ಸಮತಟ್ಟಾದ ಕಾರಿಡಾರಿನಲ್ಲೂ ಅವರು ಇಳಿಜಾರಿನಲ್ಲಿ ನಡೆಯುವವರಂತೆ ಮೊಣಕಾಲು ಸ್ವಲ್ಪ ಬಾಗಿಸಿ, ದೃಷ್ಟಿಯನ್ನು ನೆಲಕ್ಕೆ ನೆಟ್ಟು ನಡೆಯುತ್ತಿದ್ದರು. ಮಣ್ಣಿನ ಬಣ್ಣದ ಅವರ ಹಳೆಯ ಕೋಟಿನ ಜೇಬುಗಳು ಕಲ್ಲಿನ ಭಾರಕ್ಕೆ ಜೋತುಬಿದ್ದು, ಕಲ್ಲಿಲ್ಲದ ದಿನವೂ ಹಾಗೆಯೇ ಜೋತಾಡುತ್ತಿದ್ದವು. ಯಾರು ಏನೇ ಅವಸರ ಹೊತ್ತು ತಂದರೂ ಅವರದು ಒಂದೇ ಮಾತು: “ಅವಸರವೇನಿಲ್ಲ.” ಕೋಟಿ ವರ್ಷಗಳ ಲೆಕ್ಕದಲ್ಲಿ ಬದುಕುವವರಿಗೆ ಆ ಮಾತು ಒಪ್ಪುತ್ತಿತ್ತು.

ನಿವೃತ್ತರಾದ ಮೇಲೆ ಇಂಥವರು ದುಬಾರಿ ಗಾಡಿಯ ಬೆನ್ನು ಹತ್ತಿದ್ದು ಊರಿಗೆಲ್ಲ ನಗೆಯ ವಸ್ತುವಾಯಿತು. “ಜೀವನಪೂರ್ತಿ ಸೈಕಲ್ ತುಳಿದ ಮೇಷ್ಟ್ರಿಗೆ ಈಗ ಜಮೀನ್ದಾರರ ಶೋಕಿ!” ಎಂದು ಅಧ್ಯಾಪಕರ ಕೋಣೆಯಲ್ಲಿ ಆಡಿಕೊಂಡವರಿದ್ದರು. ಶೋಕಿಯ ಕಾರಣ ಅವರ ಮನೆಯ ಒಳಕೋಣೆಯಲ್ಲಿ ಮಲಗಿತ್ತು.

ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಅವರು ಅದೇ ವಿಭಾಗದಲ್ಲಿ ನಕ್ಷೆ ಬರೆಯುವವರಾಗಿದ್ದರು. ಊರಿನ ಪಶ್ಚಿಮಕ್ಕಿರುವ ಕಲ್ಲುಗುಡ್ಡದ ಒಂದು ಮಗ್ಗುಲನ್ನು, ಪದರದ ಮೇಲೆ ಪದರವಾಗಿ ಬಂಡೆ ತೆರೆದು ನಿಂತ ಮಗ್ಗುಲನ್ನು, ಅವರು ಚಾಪೆಯಷ್ಟು ಉದ್ದದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ರಜೆ ಬಂದಾಗಲೆಲ್ಲ ಗಂಡ ಹೆಂಡಿರಿಬ್ಬರೂ ನಡೆದು ಹತ್ತಿ, ಗೇಣುಗೇಣಾಗಿ ಮುಂದುವರಿಸಿದ ಕೆಲಸ ಅದು. ಹಾಳೆಯ ಬಲತುದಿ ಬಾಕಿ ಇರುವಾಗ ಅಮ್ಮ ಕಾಲೇಜಿನ ಮೆಟ್ಟಿಲಲ್ಲಿ ಜಾರಿ ಬಿದ್ದರು. ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾದ ಮೇಲೆ ನಡಿಗೆ ನಿಂತಿತು. ನೆಟ್ಟಗೆ ಕೂರುವುದೂ ಸ್ವಲ್ಪ ಹೊತ್ತಷ್ಟೇ. ಜೋರಾಗಿ ಕುಲುಕಿದರೆ ಅಪಾಯವೆಂದು ಡಾಕ್ಟರು ಎಚ್ಚರಿಸಿದ್ದರು.

“ಫೋಟೋ ತೆಗೆದು ತಂದುಕೊಡ್ಲಾ ಅಮ್ಮ?” ಎಂದು ನಾನೊಮ್ಮೆ ಕೇಳಿದ್ದೆ.

“ಫೋಟೋದಲ್ಲಿ ನೆರಳೂ ಕಪ್ಪು, ಬಿರುಕೂ ಕಪ್ಪು ಕಣೋ. ಯಾವುದು ಯಾವುದು ಅಂತ ಎದುರಿಗಿದ್ದವರಿಗೇ ಗೊತ್ತಾಗೋದು.”

ಅಷ್ಟರಲ್ಲಿ ಕಲ್ಲು ಸಿಡಿಸುವವರು ಗುಡ್ಡದ ಹಿಂಬದಿಗೆ ಬಂದಿದ್ದರು. ಮಧ್ಯಾಹ್ನದ ಹೊತ್ತು ಮದ್ದು ಸಿಡಿದಾಗ ಮೇಷ್ಟ್ರ ಮನೆಯ ಕಿಟಕಿಗಾಜು ಸಣ್ಣಗೆ ನಡುಗುತ್ತಿತ್ತು. ಅವರು “ಅವಸರವೇನಿಲ್ಲ” ಎನ್ನುವುದನ್ನು ನಿಲ್ಲಿಸಿದ್ದು ಆಗಲೇ.

ಗುಡ್ಡಕ್ಕಿರುವುದು ಒಣಹಳ್ಳದ ಉರುಟು ಕಲ್ಲುಗಳ ಮೇಲಿನ ದಾರಿ. ಅದನ್ನು ಹತ್ತಲು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹಾಯುವ ಗಾಡಿಯೇ ಬೇಕು. ಆದರೆ ಗುಡ್ಡ ಹತ್ತುವ ಗಾಡಿಗಳು ಮೈ ಮುರಿಯುತ್ತವೆ, ಮೈ ಮುರಿಯದ ಗಾಡಿಗಳು ಗುಡ್ಡ ಹತ್ತುವುದಿಲ್ಲ. ಎರಡಕ್ಕೂ ಸಲ್ಲುವುದು ಶ್ರೀಮಂತರ ಗಾಡಿ. ಹೊಸದು ಮೇಷ್ಟ್ರ ಕೈಗೆಟುಕದ್ದರಿಂದ, ಶ್ರೀಮಂತರು ಓಡಿಸಿ ಬೇಸತ್ತದ್ದನ್ನು ಹುಡುಕಲು ಹೊರಟರು. ಟ್ರ್ಯಾಕ್ಟರ್ ಮೇಲೆ ಗಾಡಿ ಕಲಿತವನೆಂದು ನನ್ನನ್ನು ಸಾರಥಿ ಮಾಡಿಕೊಂಡರು.

ಬಂಡೆಯನ್ನು ಪರೀಕ್ಷಿಸುವಂತೆಯೇ ಗಾಡಿಯನ್ನೂ ಪರೀಕ್ಷಿಸುತ್ತಿದ್ದರು. ಬೆರಳ ಗಂಟಿನಿಂದ ಬಾಗಿಲನ್ನು ತಟ್ಟುತ್ತ ಹೋಗಿ, ಸದ್ದು ಮಂದವಾದ ಕಡೆ ನಿಂತು, “ಇಲ್ಲಿ ತಗಡಲ್ಲ, ಗುದ್ದಿದ ಗುಳಿ ಮುಚ್ಚೋಕೆ ಮೆತ್ತಿದ ಪುಟ್ಟಿ” ಎನ್ನುತ್ತಿದ್ದರು. ಒಮ್ಮೆ ಹಾಲಿನಂಥ ಬಿಳಿ ಗಾಡಿಯೊಂದು ಬಂತು. ಚರ್ಮದ ಸೀಟು, ಒಳಗೆಲ್ಲ ಅತ್ತರಿನ ಘಮ, ಕೊರಕಲಿನಲ್ಲಿ ಓಡಿಸಿದರೆ ಮೇಷ್ಟ್ರ ಹುಬ್ಬು ಅಲುಗಲಿಲ್ಲ. ದಲ್ಲಾಳಿಯ ಮುಖ ಅರಳಿತು. ಮೇಷ್ಟ್ರು ಇಳಿಯುವ ಮುಂಚೆ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು, ಅದರ ಬುಡದಲ್ಲಿದ್ದ ಧೂಳನ್ನು ಬೆರಳಿಗೆ ಹಚ್ಚಿಕೊಂಡು, ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಡಿದರು.

“ಜೇಡಿಮಣ್ಣಾಗಿದ್ರೆ ನುಣ್ಣಗಿರ್ತಿತ್ತು. ಇದು ಕರಕರ ಅನ್ನುತ್ತೆ, ಹೊಳೆಯ ಮೆಕ್ಕಲು. ಈ ಗಾಡಿ ಕುತ್ತಿಗೆವರೆಗೂ ನೀರು ಕುಡಿದು ಎದ್ದಿದೆಯಪ್ಪಾ.”

ದಲ್ಲಾಳಿ ಎರಡೂ ಕೈ ಜೋಡಿಸಿದ. “ಗಾಡಿ ನೋಡಿದವರನ್ನ ನೋಡಿದೀನಿ ಸಾರ್. ಗಾಡಿ ತಿಂದವರನ್ನ ಇವತ್ತೇ ನೋಡಿದ್ದು!”

ಹೀಗೆ ತಿಂಗಳುಗಳು ಸರಿದವು. ಒಂದು ಎಂಜಿನ್ ಹೊಗೆಯುಗುಳಿತು, ಇನ್ನೊಂದರ ತಳಕ್ಕೆ ಹೊಸದಾಗಿ ಬಳಿದ ಕಪ್ಪು ಬಣ್ಣದಡಿ ತುಕ್ಕು ಪುಡಿಪುಡಿಯಾಗಿತ್ತು, ಮತ್ತೊಂದು ಹುಬ್ಬಿನ ಪರೀಕ್ಷೆಯಲ್ಲೇ ಸೋತಿತು. ಕೊನೆಗೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿಚೀಲಗಳ ಮೇಲೆ ನಿಲ್ಲುವ ಕಪ್ಪು ಗಾಡಿಯೊಂದು ದೊರೆಯಿತು. ಚೀಲ ಸೋರಿದರೆ ಮೂಲೆ ಕುಸಿಯುತ್ತದೆಂದು ಮೇಷ್ಟ್ರು ಅದನ್ನು ಒಂದು ರಾತ್ರಿ ನಿಂತಲ್ಲೇ ನಿಲ್ಲಿಸಿ, ಬೆಳಿಗ್ಗೆ ನಾಲ್ಕು ಮೂಲೆಯನ್ನೂ ಗೇಣು ಹಾಕಿ ಅಳೆದರು. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅವರು ನಕ್ಕದ್ದನ್ನು ನಾನು ಬಹಳ ದಿನಗಳ ಮೇಲೆ ಕಂಡೆ.

ಅದೇ ದಿನ ಅಮ್ಮನನ್ನು ಗಾಲಿಕುರ್ಚಿಯಿಂದ ಎತ್ತಿ, ಆ ಒರಗು ಸೀಟಿನಲ್ಲಿ ಮಲಗಿಸಿ, ಕೊರಕಲು ಹಾದಿಯಲ್ಲಿ ಕರೆದೊಯ್ದೆವು. ದಲ್ಲಾಳಿಯ ಅಂಗಳಕ್ಕೆ ತಿರುಗಿ ಬಂದು ನಿಲ್ಲಿಸಿದಾಗ ಮೇಷ್ಟ್ರು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಬಾಗಿಲಲ್ಲಿ ನಿಂತರು.

“ನೋವಾಯ್ತಾ?”

“ಇಲ್ಲ.”

“ಎಲ್ಲೂ?”

“ಎಲ್ಲೂ ಇಲ್ಲ.” ಅಮ್ಮ ಕೇಳಿದರು: “ಇಟ್ಟಿಗೆ ಗೂಡಿನ ಹತ್ರ ಹೋದ್ವಾ?”

“ಅದರ ಪಕ್ಕದಲ್ಲೇ ಬಂದ್ವಲ್ಲೇ!”

“ನಂಗೆ ಮೋಡ ಕಾಣಿಸ್ತು. ಆಮೇಲೆ ಈ ಬಾಗಿಲು.” ಗಂಡನ ಕಡೆ ತಿರುಗಿದರು: “ರೀ, ಇಷ್ಟೆಲ್ಲ ಗಾಡೀಲಿ ಮಲಗಿ ನೋಡಿದ್ರಲ್ಲ, ಒಂದರಲ್ಲಾದ್ರೂ ಕಣ್ಣು ಬಿಟ್ಟಿದ್ರಾ?”

ಮೇಷ್ಟ್ರು ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟರು. “ಮೇಲೆ ಹೋದ್ಮೇಲೆ ಬಾಗಿಲು ತೆಗೀತೀನಲ್ಲ...”

“ಗುಡ್ಡ ಮೇಲಿಂದ ಶುರುವಾಗಲ್ಲ, ಹಳ್ಳದಿಂದ ಶುರುವಾಗುತ್ತೆ. ಮೂವತ್ತು ವರ್ಷ ಈ ಪಾಠ ಹೇಳಿದ್ದು ಯಾರು? ಕೆಳಗಿನ ಪದರ ನೋಡದೆ ಮೇಲಿನದನ್ನ ಹೇಗೆ ಬರೀಲಿ?”

ಅಮ್ಮನನ್ನು ಕುರ್ಚಿಗೆ ಇಳಿಸಿದ ಮೇಲೆ ಮೇಷ್ಟ್ರು ಒಬ್ಬರೇ ಆ ಸೀಟಿನಲ್ಲಿ ಮಲಗಿದರು. ಈ ಸಲ ಕಣ್ಣು ತೆರೆದಿತ್ತು. ದಪ್ಪ ಬಾಗಿಲಿನ ಅಂಚು ಅವರ ಹುಬ್ಬಿನ ಮಟ್ಟಕ್ಕಿತ್ತು, ಅದರ ಮೇಲೆ ಉಳಿದದ್ದು ಒಂದು ಅಂಗೈಯಗಲದ ಕಪ್ಪು ಗಾಜು.

ಅದೇ ಅಂಗಳದ ಮೂಲೆಯಲ್ಲಿ ಇನ್ನೊಂದು ಗಾಡಿಯಿತ್ತು. ಅದೂ ಒಂದು ಕಾಲದ ಶ್ರೀಮಂತರದೇ, ಆದರೆ ಹಳೆಯ ಪೆಟ್ಟಿಗೆಯಾಕಾರದ್ದು. ಸ್ಪ್ರಿಂಗು ಉಕ್ಕಿನದು. ಕಿಟಕಿಗಳು ಮಾತ್ರ ತೊಡೆಯ ಮಟ್ಟದಿಂದಲೇ ಶುರುವಾಗಿ ಬಾಯ್ತೆರೆದಂತಿದ್ದವು. ಮೇಷ್ಟ್ರು ಅದನ್ನು ಮೊದಲ ವಾರವೇ, ನೂರು ಮಾರು ಹೋಗುವುದರೊಳಗೆ ಬೇಡವೆಂದಿದ್ದರು. ಅಮ್ಮ ಅದರೊಳಗೆ ಕೂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, “ಇದು” ಎಂದರು.

“ಕುಲುಕುತ್ತೆ ಕಣೇ. ಡಾಕ್ಟರು ಏನಂದ್ರು ಮರೆತ್ಯಾ?”

“ಡಾಕ್ಟರು ಬೆನ್ನು ನೋಡಿದಾರೆ, ಗುಡ್ಡ ನೋಡಿಲ್ಲ. ಕುಲುಕಿದ್ರೆ ಕುಲುಕಲಿ, ಬೆನ್ನು ನಂದು.”

ಮೇಷ್ಟ್ರು ಆ ಪೆಟ್ಟಿಗೆ ಗಾಡಿಯನ್ನೇ ಕೊಂಡರು. ಗುಡ್ಡಕ್ಕೆ ಹೋದ ದಿನ ಅವರು ಅಮ್ಮನ ಪಕ್ಕದಲ್ಲಿ ಕೂತು, ತಮ್ಮ ಬಲಗೈಯನ್ನು ಅವರ ಬೆನ್ನಿಗೂ ಸೀಟಿಗೂ ನಡುವೆ ಹಾಸಿದರು. ನಾನು ಕೆಳಗಿನ ಗೇರಿನಲ್ಲಿ, ಆಳು ನಡೆಯುವುದಕ್ಕಿಂತ ನಿಧಾನವಾಗಿ ಹಳ್ಳ ಹತ್ತಿಸಿದೆ. ಚಕ್ರ ಕಲ್ಲಿನ ಮೇಲೆ ಎದ್ದಾಗಲೆಲ್ಲ ಅಮ್ಮ ಉಸಿರು ಬಿಗಿಹಿಡಿಯುತ್ತಿದ್ದರು, ಮರುಕ್ಷಣ “ನೋಡಿ, ಆ ಕೆಂಪು ಪದರ ಇಲ್ಲಿಂದಲೇ ಏಳುತ್ತೆ” ಎನ್ನುತ್ತಿದ್ದರು. ಮೇಷ್ಟ್ರ ಬೆರಳುಗಳು ಒಂದೊಂದು ಕುಲುಕಿಗೂ ಅಡಿಯಲ್ಲಿ ಜಜ್ಜಿಹೋಗುತ್ತಿದ್ದವು. ಕಣ್ಣು ಮಾತ್ರ ಕಿಟಕಿಯ ಹೊರಗೆ, ಹೆಂಡತಿಯ ಬೆರಳು ತೋರಿದ ಕಡೆ ಇತ್ತು.

ಮೇಲೆ, ಬಂಡೆಯ ಎದುರು, ಅಮ್ಮ ಹಾಳೆ ಬಿಚ್ಚಿದರು. ಬೆನ್ನು ತಡೆದಷ್ಟು ಹೊತ್ತು ಬರೆದರು. ಬಲತುದಿಗೆ ಬಂದಾಗ ಪೆನ್ಸಿಲು ನಿಂತಿತು. ಅಲ್ಲಿ ಬಂಡೆ ಇರಲಿಲ್ಲ. ಗುಡ್ಡದ ಆ ಹೆಗಲನ್ನು ಇತ್ತೀಚೆಗಷ್ಟೇ ಸಿಡಿಸಿ ಒಯ್ದಿದ್ದರು. ಒಡೆದ ಕಲ್ಲಿನ ಮುಖಕ್ಕೆ ಇನ್ನೂ ಮಳೆ ಬಿಸಿಲು ತಾಗಿದ ಬಣ್ಣ ಬಂದಿರಲಿಲ್ಲ. ನಾವು ಒರಗು ಸೀಟುಗಳನ್ನು ಪರೀಕ್ಷಿಸುತ್ತಿದ್ದ ತಿಂಗಳುಗಳಲ್ಲಿ ಅದು ಹೋಗಿತ್ತೆಂದು ಹೇಳಲು ಭೂವಿಜ್ಞಾನ ಬೇಕಿರಲಿಲ್ಲ. ಅಮ್ಮ ಕಾಣದ್ದನ್ನು ಬರೆಯಲಿಲ್ಲ, ಮೂರು ಬೆರಳಗಲ ಜಾಗವನ್ನು ಖಾಲಿಯಾಗಿಯೇ ಬಿಟ್ಟು ಕೆಳಗೆ ತಾರೀಕು ಹಾಕಿದರು. ಮೇಷ್ಟ್ರು ಆ ಬಿಳಿಯನ್ನು ಬಹಳ ಹೊತ್ತು ನೋಡಿದರು. ಅಮ್ಮ ಹಾಳೆ ಸುತ್ತಿ ಅವರ ತೊಡೆಯ ಮೇಲಿಟ್ಟು, ನನಗೆ ಹೇಳಿದರು: “ಅವಸರವೇನಿಲ್ಲ. ಮೆಲ್ಲಗೆ ಇಳಿಸು.”

ತಮ್ಮವರ ಪಾಲಿನ ನೋವನ್ನೆಲ್ಲ ಮುಂಚಿತವಾಗಿ ತಾವೇ ಮಲಗಿ ಅಳೆದುಬಿಡಬೇಕೆನ್ನುವ ಜನ ಇರುತ್ತಾರೆ. ಲೋಕದ ಎಲ್ಲ ಬಾಗಿಲುಗಳನ್ನೂ ತಟ್ಟಿ, ಧೂಳನ್ನೂ ರುಚಿ ನೋಡಿ ಪರೀಕ್ಷಿಸುವ ಇವರು, ಒಳಕೋಣೆಯಲ್ಲಿರುವವರನ್ನು ‘ನಿನಗೇನು ಬೇಕು’ ಎಂದು ಕೇಳುವುದೊಂದನ್ನು ಮರೆಯುತ್ತಾರೆ. ಕೇಳುವಷ್ಟರಲ್ಲಿ ಗುಡ್ಡದ ಒಂದು ಹೆಗಲು ಹೋಗಿರುತ್ತದೆ. ಹೋದದ್ದನ್ನು ಇಂಥವರು ಯಾರ ಮೇಲೂ ಹೊರಿಸುವುದಿಲ್ಲ, ತಮ್ಮನ್ನು ಸಮರ್ಥಿಸಿಕೊಳ್ಳುವುದೂ ಇಲ್ಲ. ಇಳಿಯುವ ದಾರಿಯಲ್ಲಿ ಕನ್ನಡಿ ನೋಡಿದೆ. ಬಾತುಕೊಂಡ ಬಲಗೈಯನ್ನು ತೆಗೆದು, ಮೇಷ್ಟ್ರು ಆ ಜಾಗಕ್ಕೆ ಎಡಗೈ ಹಾಸುತ್ತಿದ್ದರು.