ಬೆಳಕಿಗೆ ಜ್ವರ ನೋಡುವವರು

ಆರು ಸಾವಿರ ಅಂತೆ, ಹೆಡ್‌ಲೈಟ್ ಬಲ್ಬಿನ ಡಬ್ಬಿಯ ಮೇಲೆ ಬೆರಳುದ್ದದ ಅಂಕಿಯಲ್ಲಿ ಬರೆದುಕೊಂಡಿದ್ದಾರೆ, ಪಕ್ಕದ್ದು ಮೂರು ಸಾವಿರ, ಅದರಾಚೆಯದು ಎಂಟು ಸಾವಿರ, ಬೆಳಕಿಗೂ ಜ್ವರ ನೋಡುವ ಕಾಲ ಬಂತಲ್ಲ ಎಂದು ಎವೆಲಿಯೊ ಮೂಗು ಮುರಿದ, ಅದೂ ತಲೆಕೆಳಗಾದ ಜ್ವರ, ಅಂಕಿ ಏರಿದಷ್ಟೂ ಬೆಳಕು ತಣ್ಣಗೆ ನೀಲಿಯಾಗುತ್ತದಂತೆ, ಇಳಿದಷ್ಟೂ ಬೆಚ್ಚಗೆ ಹಳದಿಯಾಗುತ್ತದಂತೆ, ಇದನ್ನು ಹೇಳಿಕೊಡುತ್ತಿರುವವನು ಯಾರು, ವಿಲ್ಮಾರ್, ಅಪ್ಪನ ಅಂಗಡಿಯ ಗಲ್ಲಾದ ಹಿಂದೆ ಕೂತು ಹೊಟ್ಟೆ ಬೆಳೆಸಿದ್ದು ಬಿಟ್ಟರೆ ಮನಿಸಾಲೆಸ್ ಊರು ದಾಟಿ ಗುಡ್ಡ ಹತ್ತಿದವನಲ್ಲ, ಲೆತ್ರಾಸ್ ಘಾಟಿಯ ಮಂಜನ್ನು ಕನಸಿನಲ್ಲೂ ಕಂಡವನಲ್ಲ, ಡಾನ್ ಎವೆಲಿಯೊ ಎಂದು ಮರ್ಯಾದೆ ಬೇರೆ, ಈಗ ಎಲ್ರೂ ಬಿಳೀದೇ ಹಾಕಿಸ್ಕೊಳ್ತಿದಾರೆ, ನಿಮ್ಮ ಜೀಪೂ ಹೊಸದರ ಥರ ಕಾಣತ್ತೆ — ಕಾಣತ್ತಂತೆ, ಕಾಣಬೇಕಾದ್ದು ಜೀಪಲ್ಲ ಮಗಾ, ದಾರಿ, ಎನ್ನಬೇಕೆಂದುಕೊಂಡು ಅನ್ನಲಿಲ್ಲ, ಅಂಥವನ ಮೇಲೆ ಮಾತು ಖರ್ಚು ಮಾಡುವುದೂ ದಂಡ. ಎಲ್ಲರೂ ಅಂದರೆ ಯಾರು, ಹೆಂಡತಿಯ ತಮ್ಮ ಎಡಿಲ್ಸನ್‌ನಂಥವರು, ಎಂಟು ಸಾವಿರದ್ದು ಹಾಕಿಸಿಕೊಂಡು ಮದುವೆ ಮೆರವಣಿಗೆ ಹೊರಟಂತೆ ಗುಡ್ಡ ಹತ್ತಿ, ಆ ಬೆಳಕು ಮಂಜಿಗೆ ಬಡಿದು ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದು, ಚರಂಡಿಯಲ್ಲಿ ಮೂತಿ ಇಟ್ಟುಕೊಂಡು ಕೂತವನು, ಅವನನ್ನು ಹಗ್ಗ ಕಟ್ಟಿ ಎಳೆದದ್ದು ಯಾರು, ಇದೇ ಎವೆಲಿಯೊ, ಇದೇ ಹಳೆಯ ಜೀಪು, ಇದೇ ಹಳದಿ ದೀಪ. ಮಂಜಿಗೆ ಹಳದಿಯೇ ಸರಿ, ಅದು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ಆಲೂಗಡ್ಡೆ ಕೋಸು ಕೋಳಿ ಹೆಂಗಸರು ಎಲ್ಲವನ್ನೂ ಹೇರಿಕೊಂಡು ಆಯುಷ್ಯವಿಡೀ ಆ ಗುಡ್ಡ ಹತ್ತಿಳಿದವನಿಗೆ ಅಷ್ಟು ಗೊತ್ತಿದೆ.

ಆದರೆ ಹಳದಿಯೂ ಈಗ ಮೊದಲಿನ ಹಳದಿಯಾಗಿ ಉಳಿದಿಲ್ಲ, ಈ ವರ್ಷ ಇದು ಮೂರನೆಯ ಜೋಡಿ, ಹಾಕಿಸಿದ ತಿಂಗಳಿಗೇ ಮಂಕು, ದಾರಿಯ ಮೇಲೆ ಬೆಲ್ಲದ ನೀರು ಚೆಲ್ಲಿದ ಹಾಗೆ, ಎದುರಿನಿಂದ ಬರುವ ದೀಪಗಳಿಗೋ ಒಂದೊಂದಕ್ಕೂ ಜೂಲು ಬೆಳೆದಿರುತ್ತದೆ, ಎಲ್ಲ ಕಳಪೆ ಮಾಲು, ಗಾಜು ಕಲಬೆರಕೆ, ಪೆಟ್ರೋಲು ಕಲಬೆರಕೆ, ಹಾಲು ಕೂಡ — ಹಾಲು ಬೇಡ, ಗುರುವಾರದ ಸುದ್ದಿ ಈಗ ಬೇಡ. ಹಿಂದೆ ಸ್ಟೂಲಿನ ಮೇಲೆ ಮಗಳು ಲುಸ್ ಡಾರಿ ಕೂತಿದ್ದಾಳೆ, ಗುಡ್ಡದ ಮೇಲಿನ ಶಾಲೆಯಲ್ಲಿ ಟೀಚರು, ದಿನಾ ಬೆಳಿಗ್ಗೆ ಜೀಪಿನ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತು ಹೋಗುವವಳು, ಗುರುವಾರದಿಂದ ಅವಳದು ಒಂದೇ ರಾಗ, ಅಪ್ಪಾ, ಮೊದ್ಲು ಕಣ್ಣು ತೋರ್ಸು, ಆಮೇಲೆ ಬಲ್ಬು ತಗೊ, ಕಣ್ಣಿನ ಡಾಕ್ಟರಂತೆ, ಗೋಡೆಯ ಮೇಲೆ ಅಕ್ಷರ ತೋರಿಸಿ ಓದು ಅನ್ನುವವನು, ಒಂದನೇ ಕ್ಲಾಸಿನ ಮೇಷ್ಟರ ಕೆಲಸಕ್ಕೆ ಬಿಳಿ ಕೋಟು, ಲೆತ್ರಾಸ್ ದಾರಿಯ ಒಂದೊಂದು ತಿರುವೂ ಕಣ್ಣು ಮುಚ್ಚಿದರೂ ಕೈಗೆ ಗೊತ್ತು, ತಿರುವುಗಳೇನು ಎದ್ದು ಓಡಾಡುವುದಿಲ್ಲವಲ್ಲ — ಓಡಾಡುವುದು ಹುಡುಗಿಯರು, ಗುರುವಾರ ಆ ಹುಡುಗಿ ಯಾಕೆ ಅಲ್ಲಿ ನಿಂತಿದ್ದಳು, ಹಾಲಿನ ಕ್ಯಾನು ರಸ್ತೆಬದಿಗೆ ಇಟ್ಟು ಮನೆಗೆ ಹೋಗುವುದು ರೂಢಿ, ಲಾರಿ ಬಂದು ಎತ್ತಿಕೊಳ್ಳುತ್ತದೆ, ಕಾವಲು ನಿಲ್ಲಲು ಅದೇನು ಬಂಗಾರವೆ, ಬೆಳಗಿನ ಮಂಜು, ಏರು, ಬಂಪರಿಗೆ ಕ್ಯಾನು ಠಣ್ ಎಂದಿತು, ಬ್ರೇಕು, ಹಿಂದೆ ಕೂತ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು, ನಮ್ ಹಾಲು ಅಂತ ಒಂದು ಸಣ್ಣ ದನಿ, ಇಳಿದು ನೋಡಿದರೆ ಟಾರಿನ ಮೇಲೆ ಹರಿಯುತ್ತಿತ್ತು, ಹಳದಿ ಹಾಲು, ಅದರ ನಡುವೆ ನಿಂತವಳ ಎರಡು ರಬ್ಬರ್ ಬೂಟು, ಕ್ಯಾನಿಗೂ ಬೂಟಿಗೂ ನಡುವೆ ಒಂದು ಗೇಣು. ಏನಮ್ಮ, ನಿಮ್ಮ ಹಸುಗೆ ಚೆಂಡುಹೂವು ತಿನ್ನಿಸ್ತೀರಾ ಎಂದು ತಮಾಷೆ ಮಾಡಿದ್ದ, ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹಾಸ್ಯ ತಿಳಿಯದ ಮೊದ್ದುಗಳು.

ನೋಡ್ಕೊಂಡೇ ತಗೊಳ್ಳಿ ಎಂದು ವಿಲ್ಮಾರ್ ಷಟರನ್ನು ಅರ್ಧ ಎಳೆದ, ಹಲಗೆಗೆ ಎರಡು ಬಲ್ಬು ಸಿಕ್ಕಿಸಿ ಬ್ಯಾಟರಿಯ ತಂತಿ ಕೊಟ್ಟ, ಎಡಗಡೆ ಮೂರು ಸಾವಿರ, ಬಲಗಡೆ ಆರು ಸಾವಿರ, ಹೊತ್ತಿಕೊಂಡವು, ಎವೆಲಿಯೊ ಬಗ್ಗಿ ನೋಡಿದ, ಕಣ್ಣುಜ್ಜಿಕೊಂಡು ನೋಡಿದ, ನಗು ಬಂತು, ಕಳ್ಳ ಸಿಕ್ಕಿಬಿದ್ದ, ಒಂದೇ ಮಾಲಿಗೆ ಎರಡು ಡಬ್ಬಿ, ಡಬ್ಬಿಗೊಂದು ಜ್ವರ, ಈ ಸಲ ಮಾತು ಖರ್ಚು ಮಾಡಿದರೂ ನಷ್ಟವಿಲ್ಲ, ಯಾರಿಗೋ ಟೋಪಿ ಹಾಕ್ತೀಯ, ಎರಡೂ ಒಂದೇ ಅಲ್ವೇನೋ, ಎರಡೂ ಹಳದಿ. ವಿಲ್ಮಾರ್‌ನ ನೋಟ ಎವೆಲಿಯೊನ ಹೆಗಲು ದಾಟಿ ಹಿಂದಕ್ಕೆ ಹೋಯಿತು, ಸ್ಟೂಲು ಕಿರುಗುಟ್ಟಿತು, ಲುಸ್ ಡಾರಿ ಪಕ್ಕಕ್ಕೆ ಬಂದು ನಿಂತಳು, ಅಪ್ಪಾ, ಬಲಗಡೇದು ಯಾವ ಬಣ್ಣ, ಹಳದಿ, ಸರಿಯಾಗಿ ನೋಡಪ್ಪಾ, ಹಳದಿ ಅಂದ್ನಲ್ಲ, ನಿನಗೇನು ಕಾಣಲ್ವಾ, ಬಿಳಿ ಅಪ್ಪಾ ಅದು, ಹಾಲಿನ ಥರ ಬಿಳಿ. ಇಬ್ಬರೂ ಸೇರಿಕೊಂಡಿದ್ದಾರೆ, ಅಂಗಡಿಯವನೂ ಮಗಳೂ, ಮೊದಲೇ ಮಾತಾಡಿಕೊಂಡು ಬಂದಿದ್ದಾರೆ, ಇವಳು ಈ ಹಳದಿ ಶರಟು ಹಾಕಿಕೊಂಡು — ಶಾಲೆಗೆ ಹಾಕುವ ಶರಟಲ್ಲವೆ ಇದು, ಶಾಲೆಯದು ಬಿಳಿಯಲ್ಲವೆ, ಬೆಳಿಗ್ಗೆಯಿಂದ ಹಳದಿ ಎಂದುಕೊಂಡಿದ್ದೇನೆ, ಕೇಳಬಾರದು, ಕೇಳುವುದಿಲ್ಲ, ಯಾರೂ ನಗುತ್ತಿಲ್ಲ, ಅಂದು ರಸ್ತೆಯಲ್ಲೂ ಆ ಹೆಂಗಸರು ಹೀಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು, ಮೊದ್ದುಗಳು, ಮೊದ್ದುಗಳಲ್ಲ, ಅವರಿಗೆ ಭಯವಾಗಿತ್ತು, ಇವನ ಜೀಪಿನಲ್ಲಿ ಕೂತಿದ್ದೇವಲ್ಲ ಎಂದು ಭಯವಾಗಿತ್ತು — ಛೆ, ದೀಪದ ಬಣ್ಣ ಬಿದ್ದಿತ್ತು ಅಷ್ಟೆ, ಹಳದಿ ದೀಪ, ಹಳದಿ ಹಾಲು — ಆದರೆ ದೀಪ ಬೀಳುವುದು ಮುಂದಕ್ಕೆ, ಹಾಲು ಇಳಿಜಾರಿಗೆ ಹಿಂದಕ್ಕೆ ಹರಿದಿತ್ತು, ಹಿಂದಿನ ಚಕ್ರವನ್ನೂ ದಾಟಿ, ಅಲ್ಲಿ ಯಾವ ದೀಪವೂ ಇರಲಿಲ್ಲ, ಬರೀ ಬೆಳಗಿನ ಬೆಳಕು, ಅಲ್ಲೂ ಹಳದಿ. ಲುಸ್ ಡಾರಿ ಕೈ ಚಾಚಿದ್ದಾಳೆ, ಕೀಲಿ ಕೊಡಪ್ಪಾ, ಮೆಲ್ಲಗೆ, ಗದರಿಸಿದ್ದರೆ ಬೈಯಬಹುದಿತ್ತು, ಕಿಸೆಯೊಳಗೆ ಮುಷ್ಟಿ ಕೀಲಿಯನ್ನು ಹಿಡಿದುಕೊಂಡಿದೆ, ಬಿಡಬೇಕು, ಬಿಡುತ್ತೇನೆ, ಆ ಹುಡುಗಿಯ ಮುಖ ಹೇಗಿತ್ತು, ಎಷ್ಟು ಚಿಕ್ಕವಳು, ಅತ್ತಳೋ ಇಲ್ಲವೋ, ಮುಖ ಇತ್ತಲ್ಲ, ಇದ್ದೇ ಇತ್ತು, ಎದುರಿಗೇ ಇತ್ತು, ಕಾಣಲಿಲ್ಲ, ಕಂಡದ್ದು ಬೂಟು, ಹಳದಿ ಹಾಲಿನ ನಡುವೆ ಎರಡು ಬೂಟು, ಪುಟ್ಟ ಬೂಟು, ಹಾಲು, ಹಳದಿ ಹಾಲು, ಅದರಲ್ಲಿ ಎರಡು ಪುಟ್ಟ ಬೂಟು —