ಹಿಂದಕ್ಕೆ ಹರಿದ ನೀಲಿ

ಕೂಸು ನಿದ್ದೆ ಹೋಗುವವರೆಗೆ ಎಕೋ ಅಕ್ಕ ಮಷಿನ್ ಮುಟ್ಟುವವಳಲ್ಲ. ಎಕೋ ಸ್ಕ್ಯಾನಿನಲ್ಲಿ ಮಕ್ಕಳ ಎದೆಯೊಳಗೆ ಇಣುಕಿ ನೋಡುವ ಈ ಡಾಕ್ಟರಿಗೆ ಆಸ್ಪತ್ರೆಯವರೆಲ್ಲ ಇಟ್ಟ ಹೆಸರು ಅದು. ಪರದೆ ಎಳೆದು, ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತ ಕೂತಿದ್ದಳು. ಹೊರಗೆ ಸಾಲು ಬೆಳೆದರೆ ಬೆಳೆಯಲಿ.

ಹುಟ್ಟಿ ಇನ್ನೂ ತಿಂಗಳು ತುಂಬದ ಹೆಣ್ಣುಕೂಸು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರು, ಎರಡು ಗುಟುಕಿಗೇ ಅಳು.

"ಗ್ಯಾಸು ಅಷ್ಟೇ ಡಾಕ್ಟ್ರೇ," ಎಂದರು ಜೊತೆಗೆ ಬಂದ ಅಜ್ಜಿ. "ನಾನೂ ನಾಲ್ಕು ಹೆತ್ತಿದ್ದೀನಿ. ನನ್ನ ಮಗಳಿಗೆ ಎಲ್ಲದಕ್ಕೂ ಗಾಬರಿ."

ಮಗಳು ಕೂಸನ್ನು ತಟ್ಟಿ ಮಲಗಿಸುತ್ತಿದ್ದಳು. ಅಮ್ಮನ ಆ ಮಾತನ್ನೇ ಕೇಳಿ ಕೇಳಿ ಅವಳಿಗೆ ತನ್ನ ಮೇಲೇ ಅನುಮಾನ ಬಂದುಬಿಟ್ಟಿತ್ತು.

ಕೂಸಿನ ರೆಪ್ಪೆಗೆ ರೆಪ್ಪೆ ಅಂಟಿತು. ಎಕೋ ಅಕ್ಕ ಜೆಲ್ ಸವರಿ ಮಷಿನ್ನಿನ ಹಿಡಿಕೆಯನ್ನು ಅದರ ಎದೆಗಿಟ್ಟಳು. ಕತ್ತಲ ಕೋಣೆಯ ತೆರೆಯ ಮೇಲೆ ಬೂದುಬಣ್ಣದ ಪುಟ್ಟ ಹೃದಯ ನೀರೊಳಗಿದ್ದಂತೆ ತೇಲುತ್ತ ತೆರೆದು ಮುಚ್ಚತೊಡಗಿತು. ಎಷ್ಟು ವರ್ಷ ನೋಡಿದರೂ ಎಕೋ ಅಕ್ಕನಿಗೆ ಈ ಹೊತ್ತಿನಲ್ಲಿ ಮೈಮರೆವು. ಗೋಡೆ, ಗಡಿಯಾರ, ಅಜ್ಜಿಯ ಗೊಣಗಾಟ ಎಲ್ಲ ಎಲ್ಲೋ ದೂರ ಸರಿದು, ತಾನೂ ಆ ಬೂದು ನೀರಿಗೆ ಇಳಿದುಬಿಡುತ್ತಿದ್ದಳು.

ಅಲ್ಲಿ ಹುಡುಕಬೇಕಾದದ್ದು ಎರಡು ಎಳೆ. ಹೃದಯಕ್ಕೇ ರಕ್ತ ಉಣಿಸುವ ನಾಳಗಳು, ಹೊಲಿಗೆ ದಾರದಷ್ಟು ಸಣ್ಣವು. ಎರಡೂ ಮೈಗೆಲ್ಲ ರಕ್ತ ಒಯ್ಯುವ ಮಹಾನಾಳದಿಂದಲೇ ಹೊರಡಬೇಕು. ಬಲಗಡೆಯದು ಹೊರಟಿತ್ತು. ಎಡಗಡೆಯದೂ ಮಹಾನಾಳಕ್ಕೇ ತಾಗಿದಂತೆ ಕಂಡಿತು.

"ನಾರ್ಮಲ್ ತಾನೆ?" ಅಜ್ಜಿ ಎದ್ದು ಚೀಲ ಹೆಗಲಿಗೇರಿಸಿದರು.

ಎಕೋ ಅಕ್ಕ ಹೌದೆನ್ನಲು ಬಾಯಿ ತೆರೆದಿದ್ದಳು. ಆದರೆ ಹೃದಯದ ಹೊರಪೊರೆಯ ಮಡಿಕೆಯೊಂದು ಅಲ್ಲಿದೆ, ನಾಳದಂತೆ ವೇಷ ಹಾಕಿ ಈ ಕಸುಬಿನ ಘಟಾನುಘಟಿಗಳನ್ನೇ ಯಾಮಾರಿಸುತ್ತದೆ. ರಕ್ತ ಹರಿಯುವ ದಿಕ್ಕನ್ನು ಬಣ್ಣದಲ್ಲಿ ತೋರಿಸುವ ಗುಂಡಿ ಒತ್ತಿದಳು. ಆ ಎಡನಾಳದಲ್ಲಿ ರಕ್ತ ಹಿಡಿಕೆ ಹಿಡಿದ ಅವಳ ಕೈಯ ಕಡೆಗೆ, ಕೆಂಪಾಗಿ ಬರಬೇಕಿತ್ತು. ನೀಲಿಯಾಗಿ ಹಿಂದಕ್ಕೆ ಹರಿಯುತ್ತಿತ್ತು. ಆ ನೀಲಿಯ ಬೆನ್ನು ಹತ್ತಿದಳು. ಅದು ಹೋಗಿ ಸೇರಿದ್ದು ಶ್ವಾಸಕೋಶದ ನಾಳವನ್ನು. ಕೂಸಿನ ಹೃದಯ ತನ್ನ ಪಾಲಿನ ಊಟವನ್ನು ಪಕ್ಕದ ಮನೆಗೆ ಸುರಿಯುತ್ತಿತ್ತು.

"ಗ್ಯಾಸ್ ಅಲ್ಲಮ್ಮ," ತಾಯಿಯ ಮುಖ ನೋಡಿಯೇ ಹೇಳಿದಳು. "ಹೃದಯದ ಒಂದು ನಾಳ ತಪ್ಪು ಜಾಗದಿಂದ ಹುಟ್ಟಿದೆ. ಹಾಲು ಕುಡಿಯೋ ಆಯಾಸಕ್ಕೇ ಎದೆ ನೋಯುತ್ತೆ, ಅದಕ್ಕೇ ಅಳು. ಆಪರೇಷನ್ ಮಾಡಿ ಸರಿಯಾದ ಜಾಗಕ್ಕೆ ಹೊಲೀತಾರೆ. ಹೃದಯ ಇನ್ನೂ ಸೋತಿಲ್ಲ. ಬೇಗ ತಂದಿದ್ದೀಯ."

ಅಜ್ಜಿ ಚೀಲದ ಸಮೇತ ಕುಸಿದು ಕೂತರು.

ತಾಯಿ ಅಳಲಿಲ್ಲ. ಬಾಗಿ, ಮಲಗಿದ್ದ ಕೂಸಿನ ಕಿವಿಯ ಹತ್ತಿರ ಬಾಯಿಟ್ಟಳು.

"ನೋವಾಗ್ತಿತ್ತಾ ಕಂದಾ? ನೀನು ಹೇಳ್ತಾನೇ ಇದ್ದೆ."