ಹದ್ದಮ್ಮ ಕಾಣದ ತಪ್ಪು

ಶಾಲೆಯ ಪುಸ್ತಕಗಳನ್ನು ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಹದ್ದಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು. ಇಪ್ಪತ್ತೆರಡು ವರ್ಷ ಪ್ರೂಫ್ ನೋಡಿದ ಕಣ್ಣು ಅದು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಕಲಿತ ಇಂಗ್ಲಿಷೆಲ್ಲ ತಿದ್ದಿದ ಪುಟಗಳಿಂದಲೇ ಕಲಿತದ್ದು.

ಎಲ್ಲವೂ ಚೆನ್ನಾಗಿಯೇ ನಡೆದಿತ್ತು, ಮೈದುನ ಮದುವೆಯಾಗುವ ತನಕ. ಮೈದುನನ ಹೆಂಡತಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಬಂದವಳು. ಮನೆಯಲ್ಲಿ ಅವಳನ್ನು ಚಿಕ್ಕಿ ಎಂದರು. ಮೂರು ತಿಂಗಳಿಗೇ ಅವಳು ಅದೇ ಪ್ರೆಸ್ಸಿಗೆ ಬಂದು, ಅದೇ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿಗೆ ಕೂತಳು. ಕೆಲಸ ಕೊಡಿಸಿದ್ದು ಯಾರು? ಹದ್ದಮ್ಮನೇ. ಕೈಯಾರೆ ತಂದಿಟ್ಟುಕೊಂಡದ್ದು ಅಂದರೆ ಇದು.

ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣ ಬೇಕೆಂದೇನೂ ಇಲ್ಲ. ಮನೆಯಲ್ಲಿ ಅತ್ತೆ, "ಚಿಕ್ಕಿ ಇಟ್ಟ ಚಹಾನೇ ಚಹಾ" ಅಂದರೆ ಸಾಕು. ಪ್ರೆಸ್ಸಿನಲ್ಲಿ ಮಾಲೀಕರು ಬಾಗಿಲಲ್ಲಿ ತಲೆ ಹಾಕಿ, ಹದ್ದಮ್ಮನ ಮೇಜು ದಾಟಿಕೊಂಡು ಹೋಗಿ, "ಚಿಕ್ಕಮ್ಮಾವರೇ, ಈ ವಾಕ್ಯ ಸರಿ ಇದೆಯಾ ನೋಡಿ" ಅಂದರೆ ಸಾಕು. ಇಪ್ಪತ್ತೆರಡು ವರ್ಷ ಆ ಪ್ರಶ್ನೆ ಅವಳ ಮೇಜಿನ ಮುಂದೆ ನಿಲ್ಲುತ್ತಿತ್ತು. ಈಗ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ. ಆ ನಾಲ್ಕು ಹೆಜ್ಜೆ ಅವಳ ಎದೆಯ ಮೇಲೇ ನಡೆದ ಹಾಗಾಗುತ್ತಿತ್ತು.

ಆ ಕೋಣೆಯ ಪದ್ಧತಿ ಹೀಗಿತ್ತು. ಮೊದಲ ಓದು ಹಸಿರು ಪೆನ್ಸಿಲಿನಲ್ಲಿ, ಅದು ಚಿಕ್ಕಿಯದು. ಭಾಷೆ, ಅರ್ಥ, ಉತ್ತರ ಸರಿಯೋ ತಪ್ಪೋ ಅವಳ ಜವಾಬ್ದಾರಿ. ಎರಡನೆಯ ಓದು ಕೆಂಪು ಶಾಯಿಯಲ್ಲಿ, ಅದು ಹದ್ದಮ್ಮನದು. ಬರೆದವರ ಪ್ರತಿಗೂ ಅಚ್ಚಿನ ಪುಟಕ್ಕೂ ಅಕ್ಷರ ಅಕ್ಷರ ತಾಳೆಯಾಗುತ್ತದೋ ನೋಡುವುದು. ಕೆಂಪು ಸಹಿ ಬಿದ್ದ ಮೇಲೆಯೇ ಪುಟ ಕೆಳಗಿನ ಯಂತ್ರಕ್ಕೆ ಇಳಿಯುತ್ತಿದ್ದದ್ದು. ಆ ಕೊನೆಯ ಸಹಿಯೇ ಹದ್ದಮ್ಮನಿಗೆ ಉಳಿದಿದ್ದ ಮರ್ಯಾದೆ.

ಇನ್ನೊಂದು ಸಮಾಧಾನವೂ ಇತ್ತು. ಪ್ರತಿ ಪುಸ್ತಕದಲ್ಲೂ ಎಂ.ಎ. ಓದಿದವಳ ಹಸಿರಿಗೆ ತಪ್ಪಿಸಿಕೊಂಡ ಒಂದು ತಪ್ಪು, ಕಾಲೇಜು ನೋಡದವಳ ಕೆಂಪಿಗೆ ಸಿಕ್ಕಿಬೀಳುತ್ತಿತ್ತು. ಸಿಕ್ಕಿದ ದಿನ ಹದ್ದಮ್ಮ ಅದರ ಸುತ್ತ ಎರಡೆರಡು ಸಲ ಕೆಂಪು ಗೆರೆ ಸುತ್ತಿ, ಮಾಲೀಕರ ಮೇಜಿಗೆ ತಾನೇ ಒಯ್ದು ಇಡುತ್ತಿದ್ದಳು. ಮಾಲೀಕರು, "ಹದ್ದಮ್ಮ ಹದ್ದಮ್ಮನೇ ಬಿಡಿ" ಅನ್ನುತ್ತಿದ್ದರು. ಚಿಕ್ಕಿ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಹೇಗೆ ತಪ್ಪಿಹೋಯ್ತೋ ಅಕ್ಕ" ಅನ್ನುತ್ತಿದ್ದಳು. ಆ ರಾತ್ರಿ ಹದ್ದಮ್ಮನಿಗೆ ಒಳ್ಳೆಯ ನಿದ್ದೆ.

ಹೀಗಿರುವಾಗ ಆರನೆಯ ತರಗತಿಯ ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಪುಸ್ತಕ ಬಂತು. ಬಂದ ದಿನವೇ ಮಾಲೀಕರು ಕೋಣೆಯ ನಡುವೆ ನಿಂತು, "ಈ ಪುಸ್ತಕ ಮುಗೀಲಿ. ಆಮೇಲೆ ಕೊನೆ ಸಹಿ ಯಾರದು ಅಂತ ಒಮ್ಮೆ ಯೋಚನೆ ಮಾಡಬೇಕು. ಕಾಲ ಬದಲಾಗ್ತಿದೆ ನೋಡಿ" ಅಂದರು. ಯಾರ ಹೆಸರನ್ನೂ ಎತ್ತಲಿಲ್ಲ. ಕಣ್ಣು ಮಾತ್ರ ಕಿಟಕಿಯ ಕಡೆ ಹೋಯಿತು.

ಅತ್ತೆಗೆ ಹಲ್ಲು ಕೀಳಿಸಬೇಕಾಗಿ ಬಂದದ್ದು ಆ ಪುಸ್ತಕದ ಪ್ರೂಫ್ ಮುಗಿಸಬೇಕಾದ ಕೊನೆಯ ದಿನ. ಕರೆದುಕೊಂಡು ಹೋಗಲು ಯಾರು ಎಂದಾಗ ಅತ್ತೆ, "ಚಿಕ್ಕಿ ಬರಲಿ, ಅವಳ ಕೈ ಹಿಡಿದ್ರೆ ಧೈರ್ಯ" ಅಂದಳು. ಹದ್ದಮ್ಮನ ಕೈ ಹಿಡಿದು ಅದೇ ಅತ್ತೆ ಎರಡು ಆಪರೇಷನ್ ಮಾಡಿಸಿಕೊಂಡಿದ್ದಳು. ಅದು ಯಾರಿಗೆ ನೆನಪಿದೆ? ಚಿಕ್ಕಿ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಹಸಿರು ಓದು ಮುಗಿಸಿದ ಪುಟಗಳನ್ನು ಹಿಂದಿನ ಸಂಜೆಯೇ ಹದ್ದಮ್ಮನ ಮೇಜಿನ ಮೇಲಿಟ್ಟಿದ್ದಳು.

ಮೂವತ್ತೊಂದನೆಯ ಪುಟ. ಐ ಬರಬೇಕೋ ಮೀ ಬರಬೇಕೋ, ಹೀ ಬರಬೇಕೋ ಹಿಮ್ ಬರಬೇಕೋ ಆರಿಸಿ ಬರೆಯಿರಿ. ಇಪ್ಪತ್ತು ವಾಕ್ಯ, ಕೆಳಗೆ ಉತ್ತರ. ಹದಿನಾಲ್ಕನೆಯ ವಾಕ್ಯದಲ್ಲಿ ಟೀಚರು ನನ್ನ ಅಕ್ಕನನ್ನೂ ನನ್ನನ್ನೂ ಕರೆದರು ಎಂಬ ಅರ್ಥ. ಇಂಗ್ಲಿಷಿನಲ್ಲಿ, ದ ಟೀಚರ್ ಕಾಲ್ಡ್ ಮೈ ಸಿಸ್ಟರ್ ಅಂಡ್, ಆಮೇಲೆ ಖಾಲಿ ಜಾಗ. ಉತ್ತರದಲ್ಲಿ ಮೀ ಇರಬೇಕಾದಲ್ಲಿ ಐ ಅಂತಿತ್ತು.

ಹದ್ದಮ್ಮನ ಕೆಂಪು ಪೆನ್ನು ಅಲ್ಲೇ ನಿಂತಿತು. ಇದು ಅವಳದೇ ಪಾಠ. ಚಿಕ್ಕಿ ಸೇರಿದ ಮೊದಲ ವಾರದಲ್ಲಿ, ಅವಳು ಕರ್ತೃ ಕರ್ಮ ಎಂದು ನಿಯಮ ಹೇಳಲು ಹೊರಟಾಗ ಹದ್ದಮ್ಮ ತಡೆದಿದ್ದಳು. "ಅಷ್ಟೆಲ್ಲ ಯಾಕೆ ತಾಯಿ? ಜೊತೆಗಿರೋರನ್ನ ವಾಕ್ಯದಿಂದ ಆಚೆ ಕಳಿಸು. ಒಬ್ಬಳೇ ನಿಂತಾಗ ಬಾಯಿಗೆ ಯಾವುದು ಬರುತ್ತೋ ಅದೇ ಸರಿ. ಟೀಚರ್ ಕಾಲ್ಡ್ ಐ ಅಂತ ಯಾವ ಮಗುವಾದ್ರೂ ಅನ್ನುತ್ತಾ?" ಚಿಕ್ಕಿ ಚಪ್ಪಾಳೆ ತಟ್ಟಿ ನಕ್ಕಿದ್ದಳು. "ನಮ್ಮ ಪ್ರೊಫೆಸರು ಎರಡು ವರ್ಷ ತಗೊಂಡ್ರು ಅಕ್ಕ ಇದಕ್ಕೆ!"

ಬರೆದವರ ಪ್ರತಿ ತೆಗೆದು ನೋಡಿದಳು. ಅಲ್ಲೂ ಐ ಎಂದೇ ಇತ್ತು. ಅಂದರೆ ಅಕ್ಷರ ತಾಳೆಯಾಗಿದೆ, ಎರಡನೆಯ ಓದಿನ ಕೆಲಸ ಚೊಕ್ಕವಾಗಿದೆ. ಉತ್ತರ ತಪ್ಪಾದರೆ ಅದು ಹಸಿರಿನ ತಲೆಗೆ. ಹದ್ದಮ್ಮ ಖಾಲಿ ಕುರ್ಚಿಯ ಕಡೆ ನೋಡಿದಳು. ಕುರ್ಚಿಯ ಬೆನ್ನಿಗೆ ಚಿಕ್ಕಿಯ ಹಳದಿ ಶಾಲು ನೇತಾಡುತ್ತಿತ್ತು. ಬಿದ್ದರೆ ಬೀಳಲಿ ಒಂದು ಸಲ, ಎಂದುಕೊಂಡಳು. ಎಲ್ಲರೂ ತಲೆಯ ಮೇಲೆ ಕೂರಿಸಿಕೊಂಡವಳು ಒಮ್ಮೆ ನೆಲಕ್ಕೆ ಬೀಳಲಿ. ಪುಟದ ಅಡಿಗೆ ಕೆಂಪು ಸಹಿ ಹಾಕಿದಳು. ಮುಂದಿನ ಪುಟ ಎತ್ತಿಕೊಂಡಳು, ಅದನ್ನೂ ಹೇಳಿಬಿಡಬೇಕು.

ಮರುದಿನ ಬೆಳಿಗ್ಗೆ ಯಂತ್ರ ಓಡುತ್ತಿತ್ತು. ಚಿಕ್ಕಿ ಬಂದವಳೇ ಕೆಳಗಿಳಿದು ಹಸಿ ಶಾಯಿಯ ಹಾಳೆಯೊಂದನ್ನು ಎತ್ತಿಕೊಂಡು ಮೇಲೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕ, ಹದಿನಾಲ್ಕು."

"ಏನಾಯ್ತು ಹದಿನಾಲ್ಕಕ್ಕೆ?"

"ನಿಮಗೆ ಕಾಣಲಿಲ್ವಾ?"

ಹದ್ದಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. ನಾಟಕ ಚೆನ್ನಾಗಿಯೇ ಬಂತು. "ಅಯ್ಯೋ, ಹೌದಲ್ಲ! ಏನೋ ಇತ್ತೀಚೆಗೆ ಕಣ್ಣು ಮಂಜು ಮಂಜು ಕಣೆ."

ಚಿಕ್ಕಿ ಕುರ್ಚಿಯ ಮೇಲೆ ಕುಸಿದು ಕೂತಳು. ಮತ್ತೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. "ತಪ್ಪು ನನ್ನದು ಅಕ್ಕ. ನನಗೆ ಅದು ಕಂಡಿತ್ತು. ಬೇಕು ಅಂತಲೇ ಬಿಟ್ಟಿದ್ದೆ."

"ಏನಂದೆ?"

"ನಾನು ಸೇರಿದ ಹೊಸದರಲ್ಲೇ ಮಾಲೀಕರು ಕೇಳಿದ್ರು, ನೀವೊಬ್ಬರೇ ನೋಡಿದ್ರೆ ಸಾಲದಾ, ಎರಡನೇ ಓದು ಯಾಕೆ ಅಂತ. ಅಕ್ಕ ಇಲ್ಲದಿದ್ರೆ ಆಗಲ್ಲ ಸರ್ ಅಂದೆ. ಅವರು ನಂಬಬೇಕಲ್ಲ? ಅದಕ್ಕೇ ಪ್ರತಿ ಪುಸ್ತಕದಲ್ಲೂ ಒಂದು ಬಿಡ್ತಿದ್ದೆ. ನೀವು ಹಿಡೀತಿದ್ರಿ. ನೀವು ಸಹಿ ಹಾಕಿದ ಮೇಲೂ ನಾನೊಂದು ಸಲ ನೋಡಿಯೇ ಕೆಳಗೆ ಕಳಿಸ್ತಿದ್ದೆ. ನಿನ್ನೆ ನಾನಿರಲಿಲ್ಲ. ಆದ್ರೂ ಧೈರ್ಯ ಇತ್ತು. ನೀವೇ ಹೇಳಿಕೊಟ್ಟ ಪಾಠ ಅಲ್ವಾ, ಇದು ನಿಮ್ಮ ಕಣ್ಣು ತಪ್ಪಲ್ಲ ಅಂತ ಹುಡುಕಿ ಬಿಟ್ಟಿದ್ದೆ."

ಎರಡೆರಡು ಸಲ ಸುತ್ತಿದ ಆ ಕೆಂಪು ಗೆರೆಗಳೆಲ್ಲ ಒಂದೊಂದಾಗಿ ಹದ್ದಮ್ಮನ ಕಣ್ಣ ಮುಂದೆ ಬಂದವು. ಮೊದಲು ಬಂದದ್ದು ಉಪಕಾರದ ನೆನಪಲ್ಲ, ಕೋಪ. ಇವಳು ಎಸೆದದ್ದನ್ನು ತಾನು ಇಷ್ಟು ದಿನ ಬೇಟೆಯೆಂದುಕೊಂಡು ಹೊತ್ತು ತಿರುಗಿದೆನಲ್ಲ!

ಆ ಕೋಪ ಇಳಿಯುವಷ್ಟರಲ್ಲಿ ಚಿಕ್ಕಿ ಮಾಲೀಕರ ಮುಂದೆ ನಿಂತಿದ್ದಳು. ಯಂತ್ರ ನಿಂತಿತು. ಅಚ್ಚಾದ ಹಾಳೆಗಳನ್ನೆಲ್ಲ ಕಟ್ಟಿ ರದ್ದಿಗೆ ಹಾಕಿದರು. ಇಡೀ ಪ್ರೆಸ್ಸು ಕೇಳುವ ಹಾಗೆ ಮಾಲೀಕರು ಅವಳನ್ನು ಬೈದರು. ಅವಳು ತಲೆ ತಗ್ಗಿಸಿ, "ನನ್ನ ಕಣ್ತಪ್ಪು ಸರ್" ಎಂದಷ್ಟೇ ಅಂದಳು. ಕೊನೆಗೆ ಮಾಲೀಕರು ಹದ್ದಮ್ಮನ ಕಡೆ ತಿರುಗಿ, "ಅಕ್ಷರ ತಾಳೆ ಇದೆ, ನಿಮ್ಮ ಕೆಲಸ ಸರಿ. ಕೊನೆ ಸಹಿ ನಿಮ್ಮದೇ. ಇನ್ನು ಆ ಮಾತು ಎತ್ತಲ್ಲ" ಅಂದರು. ಬೇಕಾಗಿದ್ದು ಕೈಗೆ ಬಂದಿತ್ತು. ಅಂದು ಮಧ್ಯಾಹ್ನ ಅವಳು ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಚಿಕ್ಕಿ ಬಿಡಲಿಲ್ಲ. "ಕಣ್ಣಿನ ವಿಷಯ ಅಕ್ಕ, ಸುಮ್ಮನೆ ಕೂರೋದಲ್ಲ. ನಾನು ಡಾಕ್ಟರ ಹತ್ತಿರ ಹೇಳಿಟ್ಟಿದ್ದೀನಿ, ನಡೀರಿ." ಬೇಡವೆಂದರೂ ಕೇಳದೆ ಕೈ ಹಿಡಿದು ಎಳೆದುಕೊಂಡೇ ಹೋದಳು. ಬೈಸಿಕೊಂಡವಳಿಗೆ ತನ್ನ ಅವಮಾನಕ್ಕಿಂತ ವಾರಗಿತ್ತಿಯ ಕಣ್ಣಿನದೇ ಚಿಂತೆ.

ಕಣ್ಣಿನ ಡಾಕ್ಟರು ಹದ್ದಮ್ಮನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಎದುರಿನ ಗೋಡೆಯ ಅಕ್ಷರದ ಹಲಗೆಗೆ ದೀಪ ಹಾಕಿದರು. ಬಾಗಿಲ ಬಳಿ ಚಿಕ್ಕಿ ಇಬ್ಬರ ಚೀಲವನ್ನೂ ಹಿಡಿದುಕೊಂಡು ನಿಂತಿದ್ದಳು.

"ಎಲ್ಲಿವರೆಗೆ ಕಾಣುತ್ತೋ ಓದಿ ಅಮ್ಮ."

ಎಷ್ಟು ಸುಲಭವಿತ್ತು! ನಾಲ್ಕನೆಯ ಸಾಲಿನಲ್ಲಿ ತಡವರಿಸಿ, ಐದರಲ್ಲಿ ಸೋತರೆ ಸಾಕು. ಒಂದು ಕನ್ನಡಕ ಬರೆದುಕೊಡುತ್ತಾರೆ, ಸುಳ್ಳು ಮುಚ್ಚಿಹೋಗುತ್ತದೆ, ಮರ್ಯಾದೆ ಉಳಿಯುತ್ತದೆ. ಹದ್ದಮ್ಮ ಓದತೊಡಗಿದಳು. ನಾಲ್ಕನೆಯ ಸಾಲಿಗೆ ಬಂದಾಗ ನಾಲಿಗೆಯನ್ನು ತಡೆಯಲು ನೋಡಿದಳು. ಬೆನ್ನ ಹಿಂದಿನಿಂದ ಚಿಕ್ಕಿ ಮೆಲ್ಲಗೆ, "ಹೆದರಬೇಡಿ ಅಕ್ಕ, ಕನ್ನಡಕ ಹಾಕಿದ್ರೆ ಎಲ್ಲ ಸರಿ ಹೋಗುತ್ತೆ" ಅಂದಳು.

ಆ ದನಿ ಕೇಳಿದ ಮೇಲೆ ಅವಳಿಗೆ ತಡವರಿಸಲಾಗಲಿಲ್ಲ. ಐದು ಓದಿದಳು, ಆರು ಓದಿದಳು. ಕೊನೆಯ ಸಾಲನ್ನು ಒಂದೂ ತಪ್ಪಿಲ್ಲದೆ ಓದಿದಳು. ಅಷ್ಟಕ್ಕೂ ನಿಲ್ಲದೆ, ಹಲಗೆಯ ಅಂಚಿನಲ್ಲಿ ಇರುವೆಯಷ್ಟು ಸಣ್ಣಗೆ ಅಚ್ಚಾಗಿದ್ದ ಮುದ್ರಕರ ವಿಳಾಸವನ್ನೂ ಗಟ್ಟಿಯಾಗಿ ಓದಿದಳು.

ಡಾಕ್ಟರು ನಕ್ಕುಬಿಟ್ಟರು. "ಅದನ್ನ ಇಲ್ಲಿವರೆಗೆ ಯಾರೂ ಓದಿರಲಿಲ್ಲ. ನಿಮ್ಮ ಕಣ್ಣಿಗೆ ಏನಾಗಿದೆಯಮ್ಮ? ಏನೂ ಆಗಿಲ್ಲ."

ಚಿಕ್ಕಿ ಬಾಗಿಲು ತೆರೆದು ಮೊದಲು ಹೊರಗೆ ನಡೆದಳು.

ಬಸ್ ನಿಲ್ದಾಣದ ಹತ್ತಿರ ಹದ್ದಮ್ಮನೇ ನಿಂತಳು. "ಕಂಡಿತ್ತು ಕಣೆ. ಕಂಡೂ ಬಿಟ್ಟೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ."

ಚಿಕ್ಕಿ ತಾನು ಹೊತ್ತಿದ್ದ ಹದ್ದಮ್ಮನ ಚೀಲವನ್ನು ಅವಳ ಕೈಗೆ ಕೊಟ್ಟಳು.

"ನಾಳೆ ಮಾಲೀಕರಿಗೆ ನಾನೇ ಹೇಳ್ತೀನಿ."

"ಹೇಳಿ" ಅಂದಳು ಚಿಕ್ಕಿ. ಬೇಡ ಅನ್ನಲಿಲ್ಲ. ಅಕ್ಕ ಅಂತಲೂ ಅನ್ನಲಿಲ್ಲ.

ಬಸ್ಸು ಬಂತು. ದಿನವೂ ಒಂದೇ ಸೀಟಿನಲ್ಲಿ, ಕಿಟಕಿ ಪಕ್ಕ ಹದ್ದಮ್ಮನಿಗೆ ಬಿಟ್ಟು ಕೂರುತ್ತಿದ್ದವಳು ಅಂದು ಮುಂದೆ ಹೋಗಿ ಒಬ್ಬಳೇ ಕೂತಳು. ಹದ್ದಮ್ಮ ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದಳು. ಆರು ಸೀಟು ದಾಟಿ, ನಿಂತ ಜನರ ಕೈಗಳ ಸಂದಿಯಲ್ಲಿ, ಹಸಿರು ಪೆನ್ಸಿಲಿನ ಬಣ್ಣ ಹತ್ತಿದ ಬೆರಳು ಕಣ್ಣೊರೆಸಿಕೊಳ್ಳುವುದು ಕಾಣುತ್ತಿತ್ತು. ಒಂದು ಸಲ, ಎರಡು ಸಲ, ಮತ್ತೆ ಇಳಿಯುವ ಮುಂಚೆ ಇನ್ನೊಂದು ಸಲ. ಒಂದೂ ಅವಳ ಕಣ್ಣು ತಪ್ಪಲಿಲ್ಲ.